ಟೂಕನ್ ಹಕ್ಕಿಯ ಮರದ ಓಲೆ: ಕೊಕ್ಕು ಮುರಿದದ್ದೇಕೆ, ಕಿವಿ ತುರಿಸಿದ್ದೇಕೆ

“ಪೂರ್ತಿ ಕೈಕೆಲಸ, ಗಟ್ಟಿ ಮರ, ನಿಕಲ್ ಇಲ್ಲ” ಎಂದು ಹೇಳಿ ಮಾರಿದ ಒಂದು ಜೊತೆ ಟೂಕನ್ ಓಲೆ ಆರು ವಾರವೂ ಬಾಳಲಿಲ್ಲ. ಎರಡನೇ ವಾರಕ್ಕೆ ಕಿವಿಹಾಲೆ ಕೆಂಪಾಗಿ ತುರಿಸತೊಡಗಿತು. ನಾಲ್ಕನೇ ವಾರಕ್ಕೆ ಹಳದಿ ಬಣ್ಣ ಅಂಗಿಯ ಕಾಲರಿಗೆ ಹತ್ತಿತು. ಕೊನೆಗೆ ಒಂದು ಹಕ್ಕಿಯ ಕೊಕ್ಕು ಬುಡದಲ್ಲೇ ಕಿತ್ತುಬಂತು. ಹಾಕಿಕೊಂಡ ಓಲೆ ವಾಪಸ್ ಪಡೆಯುವುದಿಲ್ಲ ಎಂಬುದು ಮಾರಿದವರ ಉತ್ತರ. ಈ ಮೂರೂ ತಪ್ಪು ತಯಾರಿಕೆಯಲ್ಲೇ ಇದ್ದವು, ಕಿವಿಗೆ ಹಾಕುವ ಮೊದಲೇ ಬಹುಮಟ್ಟಿಗೆ ಪತ್ತೆಹಚ್ಚಬಹುದಾಗಿದ್ದವು. ಅದಕ್ಕೇ ಈ ಬರಹ.

ಮೊದಲು ಕೊಕ್ಕು. ಓಲೆಗಳಲ್ಲಿ ಹೆಚ್ಚಾಗಿ ಕಾಣುವುದು ಕೀಲ್-ಬಿಲ್ಡ್ ಟೂಕನ್: ಕಪ್ಪು ಮೈ, ಹಳದಿ ಕೊರಳು, ಹಸಿರು ಕೊಕ್ಕಿನ ಮೇಲೆ ಕಿತ್ತಳೆ ಪಟ್ಟೆ, ತುದಿಯಲ್ಲಿ ಕೆಂಪು. ಹಕ್ಕಿಯ ಒಟ್ಟು ಉದ್ದದಲ್ಲಿ ಸುಮಾರು ಮೂರನೇ ಒಂದು ಪಾಲು ಕೊಕ್ಕೇ. ನಿಜವಾದ ಕೊಕ್ಕಿನ ಒಳಗೆ ನೊರೆಯಂಥ ಹಗುರ ಮೂಳೆ, ಹೊರಗೆ ಉಗುರಿನಂಥ ಗಟ್ಟಿ ಹೊದಿಕೆ ಇರುವುದರಿಂದ ಅದು ತಡೆಯುತ್ತದೆ. ಮರಕ್ಕೆ ಆ ಅನುಕೂಲವಿಲ್ಲ, ಅದರ ಬಲವೆಲ್ಲ ಎಳೆಯ, ಅಂದರೆ ಮರದ ನಾರಿನ, ದಿಕ್ಕಿನಲ್ಲಿದೆ. ಮುರಿದ ಓಲೆಯಲ್ಲಿ ಎಳೆ ತಲೆಯಿಂದ ಬಾಲಕ್ಕೆ, ಅಂದರೆ ಮೇಲಿಂದ ಕೆಳಕ್ಕೆ ಓಡಿತ್ತು. ಅಡ್ಡಕ್ಕೆ ಚಾಚಿದ ಕೊಕ್ಕಿನಲ್ಲಿ ಉಳಿದದ್ದು ಬರೀ ತುಂಡು ಎಳೆಗಳು. ಬುಡದಲ್ಲಿ 5 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಂಥ ಕೊಕ್ಕು ಕೂದಲಿಗೋ ಶಾಲಿಗೋ ಒಮ್ಮೆ ಸಿಕ್ಕಿದರೆ ಸಾಕು, ಸೀಳುತ್ತದೆ. ಮುರಿದದ್ದನ್ನು ಮರಗೆಲಸದ ಅಂಟು ಹಿಡಿಯುವುದೇನೋ ನಿಜ, ಆದರೆ ಅದರ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ದಿಢೀರ್ ಅಂಟು ಹಾಕಿದರೆ ಸುತ್ತ ಬಿಳಿ ಮಸುಕು ಕೂರುವ ಸಂಭವವೂ ಇದೆ.

ಆದ್ದರಿಂದ ಕೊಳ್ಳುವ ಮುನ್ನ ಬಣ್ಣ ಹಚ್ಚದ ಹಿಂಬದಿಯ ಫೋಟೋ ಕೇಳಿ. ಎಳೆಗಳು ಕೊಕ್ಕಿನ ಉದ್ದಕ್ಕೇ ಓಡಬೇಕು. ಹಿಂಬದಿಗೂ ಬಣ್ಣ ಬಳಿದಿದ್ದರೆ ಅಂಚಿನ ಫೋಟೋ ಕೇಳಿ. ಅಂಚಿನಲ್ಲಿ ಮೂರು ಪದರ ಕಂಡರೆ ಅದು ಪ್ಲೈವುಡ್. ಹಾಗೆಂದು ಪ್ಲೈವುಡ್ ಕೀಳಲ್ಲ. ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಈ ಆಕಾರಕ್ಕೆ ಅದೇ ಹೆಚ್ಚು ಸೂಕ್ತ ಎನ್ನಬೇಕು. ಗಟ್ಟಿ ಮರವೆಂದು ಹೇಳಿ ಪ್ಲೈವುಡ್ ಕೊಡುವುದು ಮೋಸ. ಅಂಚು ಸುತ್ತಲೂ ಒಂದೇ ಸಮ ಕಂದಾಗಿ ಸುಟ್ಟಂತಿದ್ದು, ಬಿಳಿ ಬಟ್ಟೆಯಿಂದ ಉಜ್ಜಿದಾಗ ಮಸಿ ಬಂದರೆ ಕತ್ತರಿಸಿದ್ದು ಲೇಸರ್, ಕೈಗರಗಸವಲ್ಲ.

ತೂಗುವ ರಂಧ್ರವನ್ನೂ ನೋಡಿ. ರಂಧ್ರ 1.5 ಮಿ.ಮೀ. ಇದ್ದರೆ ಅದರಿಂದ ಮರದ ಅಂಚಿಗೆ ಕನಿಷ್ಠ 3 ಮಿ.ಮೀ. ಬಿಟ್ಟಿರಬೇಕು. ಇನ್ನೊಂದು ಎಡವಟ್ಟು ಹುಕ್ಕಿಗೂ ಮರಕ್ಕೂ ನಡುವಿನ ಪುಟ್ಟ ರಿಂಗಿನ ಲೆಕ್ಕದ್ದು: ಒಂದೊಂದು ರಿಂಗ್ ಸೇರಿದಾಗಲೂ ಓಲೆ 90 ಡಿಗ್ರಿ ತಿರುಗುತ್ತದೆ. ಸಾಮಾನ್ಯ ಹುಕ್ಕಿಗೆ ಒಂದೇ ರಿಂಗ್ ಹಾಕಿದರೆ ಎದುರಿನವರಿಗೆ ಹಕ್ಕಿ ಕಾಣದೆ ಬರೀ ಅಂಚು ಕಾಣುತ್ತದೆ. ಎರಡು ರಿಂಗ್ ಬೇಕು, ಇಲ್ಲವೇ ಹುಕ್ಕಿನ ಕುಣಿಕೆಯನ್ನೇ ತಿರುಗಿಸಿರಬೇಕು. ಎರಡು ಹಕ್ಕಿಗಳೂ ಕನ್ನಡಿಯಲ್ಲಿ ಕಂಡಂತೆ ಎದುರುಬದುರು ಇವೆಯೇ ಎಂದೂ ಕೇಳಿಕೊಳ್ಳಿ.

ಬಣ್ಣ ಬಿಟ್ಟದ್ದಕ್ಕೆ ಕಾರಣ ಸರಳ: ಮರಕ್ಕೆ ಮೊದಲು ಎಣ್ಣೆ ಸವರಿ, ಅದು ಒಣಗುವ ಮೊದಲೇ ಮೇಲೆ ಅಕ್ರಿಲಿಕ್ ಬಣ್ಣ ಬಳಿಯಲಾಗಿತ್ತು. ಅಗಸೆ ಎಣ್ಣೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಸರಿಯಾದ ಕ್ರಮವೆಂದರೆ 240ರ ಸ್ಯಾಂಡ್‌ಪೇಪರ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ಎಳೆಗಳನ್ನು 320ರಲ್ಲಿ ತೆಗೆದು, ಬಣ್ಣ ಹಚ್ಚಿ, ಅದರ ಮೇಲೆ ಎರಡು ಮೂರು ತೆಳು ಕೋಟ್ ವಾರ್ನಿಷ್. ಅರಗಿನ ಪಾಲಿಶ್ ಆದರೆ ಸೆಂಟು, ಹೇರ್ ಸ್ಪ್ರೇ ತಾಗಬಾರದು, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಹುಕ್. ಕೊಕ್ಕು ಮುರಿದರೆ ಒಂದು ಓಲೆ ಹೋಯಿತು, ಅಷ್ಟೆ. ನಿಕಲ್ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಚುಚ್ಚಿದ ರಂಧ್ರದೊಳಗೆ ಹೋಗುವ ಭಾಗದಿಂದ ವಾರಕ್ಕೆ ಚದರ ಸೆಂ.ಮೀ.ಗೆ 0.2 ಮೈಕ್ರೋಗ್ರಾಂಗಿಂತ ಕಡಿಮೆ ನಿಕಲ್ ಹೊರಬರಬೇಕು ಎಂಬುದು ಯುರೋಪಿಯನ್ ಒಕ್ಕೂಟದ ಮಿತಿ. “ಹೈಪೋಅಲರ್ಜೆನಿಕ್” (ಅಲರ್ಜಿ ತರುವ ಸಂಭವ ಕಡಿಮೆ) ಎಂಬ ಪದ ಅಂಥ ಯಾವ ಅಳತೆಯನ್ನೂ ಹೇಳುವುದಿಲ್ಲ. “ಸರ್ಜಿಕಲ್ ಸ್ಟೀಲ್” ಎಂದು ಮಾರುವ 316ಎಲ್ ಉಕ್ಕಿನಲ್ಲೂ ಶೇ. 10ರಿಂದ 14ರಷ್ಟು ನಿಕಲ್ ಇದೆ. ಅದು ಹೊರಬರುವುದು ತೀರಾ ಕಡಿಮೆ ಎಂಬುದು ನಿಜ, ಆದರೆ ಅಲರ್ಜಿ ಈಗಾಗಲೇ ಇರುವವರು ಟೈಟಾನಿಯಂ ಅಥವಾ ನಿಯೋಬಿಯಂ ಹುಕ್ ಕೇಳುವುದೇ ಸರಿ.

ಮನೆಯಲ್ಲೇ ಪರೀಕ್ಷಿಸಲು ಡೈಮೀಥೈಲ್‌ಗ್ಲೈಆಕ್ಸಿಮ್ ದ್ರಾವಣದ ಕಿಟ್ ಸಿಗುತ್ತದೆ. ಹುಕ್ಕಿನ ಜಿಡ್ಡು ಒರೆಸಿ, ಕಿಟ್ಟಿನಲ್ಲಿ ಹೇಳಿದಷ್ಟು ದ್ರಾವಣ ಹಾಕಿದ ಹತ್ತಿಕಡ್ಡಿಯಿಂದ ಅರ್ಧ ನಿಮಿಷ ಉಜ್ಜಿ. ಹತ್ತಿ ಗುಲಾಬಿಯಾದರೆ ನಿಕಲ್ ಹೊರಬರುತ್ತಿದೆ. ಗುಲಾಬಿಯಾಗಲಿಲ್ಲ ಎಂದು ಪೂರ್ತಿ ನಂಬಬೇಡಿ. ಮೇಲಿನ ಲೇಪ ಗಟ್ಟಿಯಿರುವವರೆಗೆ ಒಳಗಿನ ನಿಕಲ್ ಮುಚ್ಚಿರುತ್ತದೆ, ಲೇಪ ಸವೆದ ಮೇಲೆ ತೊಂದರೆ ಶುರು. ಈ ಓಲೆಯಲ್ಲೂ ಮೊದಲ ವಾರ ಎಲ್ಲ ಸರಿಯಿದ್ದದ್ದಕ್ಕೆ ಅದೇ ಕಾರಣ. ಪಾರದರ್ಶಕ ನೇಲ್ ಪಾಲಿಶ್ ಬಳಿಯುವ ಉಪಾಯವೂ ಬೇಗ ಸವೆದುಹೋಗುತ್ತದೆ.

ಓಲೆ ಕೈಸೇರಿದ ದಿನವೇ, ಕಿವಿಗೆ ಹಾಕದೆ, ಇಷ್ಟು ಮಾಡಿ: ಸ್ಕೇಲಿನ ಪಕ್ಕ ಇಟ್ಟು ಎರಡೂ ಬದಿ, ಅಂಚು, ರಂಧ್ರದ ಫೋಟೋ ತೆಗೆಯಿರಿ, ಒದ್ದೆ ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ಮೃದುವಾಗಿ ಉಜ್ಜಿ ಬಣ್ಣ ನೋಡಿ, ಹುಕ್ ಪರೀಕ್ಷಿಸಿ. ದೋಷ ಕಂಡರೆ ಅಂದೇ ಬರೆಯಿರಿ. ಕಿವಿ ಆಗಲೇ ತುರಿಸುತ್ತಿದ್ದರೆ ಓಲೆ ತೆಗೆದಿಡಿ, ವಾಸಿಯಾಗುವವರೆಗೆ ಬೇರೆ ಯಾವ ಓಲೆಯನ್ನೂ ಹಾಕಬೇಡಿ. ಮರ ಚೆನ್ನಾಗಿದ್ದರೆ ಹುಕ್ ಮಾತ್ರ ಬದಲಿಸಿದರಾಯಿತು: ಎರಡು ಇಕ್ಕಳದಿಂದ ರಿಂಗಿನ ತುದಿಗಳನ್ನು ಹಿಡಿದು, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ ತೆರೆಯಿರಿ. ಅಗಲಕ್ಕೆ ಎಳೆದರೆ ರಿಂಗಿನ ದುಂಡು ಕೆಡುತ್ತದೆ, ಮತ್ತೆ ಸರಿಯಾಗಿ ಮುಚ್ಚಿಕೊಳ್ಳದೆ ಹಕ್ಕಿ ಎಲ್ಲೋ ದಾರಿಯಲ್ಲಿ ಕಳಚಿ ಬೀಳುತ್ತದೆ.