ನೆಟ್ ಓಡಿತು ಅಂತ ಫೋನ್ ತಗೊಂಡು ಮೋಸ ಹೋದೆ

ಹಳೆ ಫೋನ್ ತಗೊಳ್ಳುವವರು ಇದನ್ನೊಮ್ಮೆ ಓದಿ.

ಏಪ್ರಿಲ್‌ನಲ್ಲಿ ಶಿರಸಿ ಪೇಟೆಯ ಒಂದು ಅಂಗಡಿಯಲ್ಲಿ ಅಪ್ಪನಿಗೆ ಸೆಕೆಂಡ್ ಹ್ಯಾಂಡ್ 5ಜಿ ಫೋನ್ ತಗೊಂಡೆ. ಯಾರೋ ವಿದೇಶದಿಂದ ತಂದ ಸೆಟ್ಟು. ಅಂಗಡಿಯವನು ಅಪ್ಪನ ಸಿಮ್ ಹಾಕಿ, ಯೂಟ್ಯೂಬ್‌ನಲ್ಲಿ ಯಕ್ಷಗಾನ ಹಚ್ಚಿ ತೋರಿಸಿದ. ಎಲ್ಲೂ ನಿಲ್ಲದೆ ಓಡಿತು. ಅಪ್ಪ ಖುಷಿ. ಒಂದು ಕಾಲ್ ಮಾಡಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ನಮ್ಮ ಮನೆ ದೇವಿಮನೆ ಘಟ್ಟದ ಹತ್ತಿರ, ತೋಟದ ನಡುವೆ. ವಾಟ್ಸಾಪ್ ಸರಿಯಾಗಿ ಬರುತ್ತಿತ್ತು. ಕಾಲ್ ಹೋಗುತ್ತಿರಲಿಲ್ಲ. 'ತಮಾ, ಗುಡ್ಡದ ದೆಸೆಯಿಂದ ಸಿಗ್ನಲ್ ಬತ್ತಿಲ್ಲೆ ಕಾಣ್ತು' ಅಂದರು ಅಪ್ಪ. ನಾನೂ ನಂಬಿದೆ. ನಾನಿರುವುದು ಬೆಂಗಳೂರಲ್ಲಿ, ವಾಟ್ಸಾಪಲ್ಲೇ ಮಾತಾಡುತ್ತಿದ್ದೆವು.

ಜುಲೈನಲ್ಲಿ ಒಂದು ರಾತ್ರಿ ಆಯಿ (ಅಮ್ಮ) ತಲೆ ಸುತ್ತಿ ಬಿದ್ದರು. ಜೀಪಿನವನ ಹತ್ತಿರ ಇರುವುದು ಕೀಪ್ಯಾಡ್ ಫೋನ್, ಅವನಿಗೆಲ್ಲಿ ವಾಟ್ಸಾಪ್? ಅಪ್ಪ ಆ ಮಳೆಯಲ್ಲಿ ಟಾರ್ಚ್ ಹಿಡಿದು ಪಕ್ಕದ ಮನೆಗೆ ಓಡಿ ಅಲ್ಲಿಂದ ಫೋನ್ ಮಾಡಿಸಿದರು. ಆಯಿ ಈಗ ಆರಾಮಿದ್ದಾರೆ.

ತಪ್ಪು ಗುಡ್ಡದ್ದಲ್ಲ. 2ಜಿ, 3ಜಿಯಲ್ಲಿ ಮಾತಿಗೇ ಬೇರೆ ದಾರಿ ಇತ್ತು. 4ಜಿಯಲ್ಲಿ ಆ ದಾರಿಯೇ ಇಲ್ಲ, ಮಾತೂ ಡೇಟಾ ಆಗಿಯೇ ಹೋಗಬೇಕು. ಅದಕ್ಕೇ ವೋಲ್ಟೆ (VoLTE) ಅನ್ನುವುದು. ಫೋನಿನಲ್ಲಿ ಅದಿದ್ದರೆ ಸಾಲದು, ನಮ್ಮ ಸಿಮ್ ಕಂಪನಿಯ ಜೊತೆ ಅದು ಹೊಂದಬೇಕು. ಹೊರದೇಶಕ್ಕೆಂದು ಮಾಡಿದ ಕೆಲವು ಸೆಟ್ಟುಗಳಲ್ಲಿ ಇಲ್ಲಿನ ಕಂಪನಿಗಳಿಗೆ ಅದು ಚಾಲೂ ಆಗುವುದಿಲ್ಲ. ಆಗ ಫೋನ್ ಕಾಲ್‌ಗೋಸ್ಕರ 2ಜಿಗೆ ಇಳಿಯುತ್ತದೆ. ಮಾತಾಡುವಾಗ ಮೇಲಿನ 4ಜಿ ಹೋಗಿ 'ಇ' ಅಂತ ಬಂದು ನೆಟ್ ನಿಂತುಬಿಡುವುದನ್ನು ನೋಡಿರುತ್ತೀರಿ ಅಲ್ವಾ, ಅದೇ. ಆದರೆ ಅಪ್ಪನ ಸಿಮ್ ಕಂಪನಿಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಇಳಿಯುವುದು ಎಲ್ಲಿಗೆ?

ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. 'ನೆಟ್ ಬರ್ತದಲ್ಲ ಮಾರಾಯ್ರೇ, ಇನ್ನೆಂತ ಬೇಕು?' ಅಂದ. ಅವನಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಕೊಟ್ಟನೋ.

ಹಾಗಾಗಿ ನಿಮ್ಮದೇ ಸಿಮ್ ಹಾಕಿ, ಅಂಗಡಿಯಲ್ಲೇ ನಿಂತು ಕಾಲ್ ಮಾಡಿ. ವೈಫೈ ಆಫ್ ಇರಲಿ. ಮಾತಾಡುತ್ತಲೇ ಬ್ರೌಸರ್ ತೆರೆದು ನೋಡಿ. ನೆಟ್ ಓಡುತ್ತಾ ಮೇಲೆ 4ಜಿ ಇಲ್ಲವೇ 5ಜಿ ಇದ್ದರೆ ಮಾತ್ರ ದುಡ್ಡು ಕೊಡಿ. ಕೀಪ್ಯಾಡ್ ಫೋನಿಗೂ ಇದೇ ಕತೆ, ಬರೀ 2ಜಿ ಸೆಟ್ಟಿನಲ್ಲಿ ಅಪ್ಪನದರಂಥ ಸಿಮ್ ಸತ್ತಂತೆಯೇ.

ಅಪ್ಪನಿಗೆ ಈಗ 4ಜಿ ಕೀಪ್ಯಾಡ್ ಫೋನ್ ಕೊಡಿಸಿದ್ದೇನೆ. ಆ 5ಜಿ ಸೆಟ್ಟು ಸಿಮ್ ಇಲ್ಲದೆ, ವೈಫೈಯಲ್ಲಿ ಯಕ್ಷಗಾನ ಆಡಿಸುತ್ತಾ ಜಗಲಿಯಲ್ಲಿ ಕೂತಿದೆ.