ಹೊಸ ಆರ್ಕಿಟೆಕ್ಟ್ ಕೈಗೆ ಬಯಲು ಕೊಟ್ಟರೆ ಏನಾಗುತ್ತದೆ: ನಮ್ಮ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ನಾಲ್ಕು ಸ್ಟಾರ್. ಉಳಿದ ಒಂದು ಸ್ಟಾರ್ ಮಳೆನೀರಿನಲ್ಲಿ ಹೋಯಿತು, ಅದರ ವಿಷಯ ಕೆಳಗೆ ಬರುತ್ತದೆ. ಆರ್ಕಿಟೆಕ್ಟ್ ಹೆಸರು ಹಾಕುವುದಿಲ್ಲ, ಕೇಳಬೇಡಿ. ಈಗಷ್ಟೇ ಸ್ವಂತ ಕೆಲಸ ಶುರು ಮಾಡಿದವರು, ಒಂದು ರಿವ್ಯೂ ಅವರ ತಲೆ ಮೇಲೆ ಕೂರಬಾರದು. ಆದರೆ ಇಂಥ ಹೊಸಬರಿಗೆ ಕೆಲಸ ಕೊಡಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಸಂಘಗಳಿಗೆ ಇದು ಉಪಯೋಗಕ್ಕೆ ಬರಬಹುದು.

ನಮ್ಮ ವಸತಿ ಸಮುಚ್ಚಯದ ಮಧ್ಯೆ ಒಂದು ಬಯಲಿದೆ. ಕಟ್ಟಡ ಎಲ್ಲ ಎದ್ದ ಮೇಲೆ ಉಳಿದ ಜಾಗ, ಅಷ್ಟೇ. ಒಂದು ಮೂಲೆಯಲ್ಲಿ ದೊಡ್ಡ ಮರಗಳು, ಇನ್ನೊಂದು ಕಡೆ ಗಾಡಿ ನಿಲ್ಲಿಸಿ ನಿಲ್ಲಿಸಿ ಕಲ್ಲಿನಂತೆ ಗಟ್ಟಿಯಾದ ಮಣ್ಣು, ಮಧ್ಯೆ ಯಾರೂ ಕೂರದ ಬೆಂಚುಗಳು. ಇದನ್ನು ಸರಿ ಮಾಡಿಸೋಣ ಅಂತಾದಾಗ ಒಂದು ದೊಡ್ಡ ಕಚೇರಿಯನ್ನೂ ಕೇಳಿದೆವು. ಅವರು ಜಾಗ ನೋಡುವ ಮೊದಲೇ ಮೂರು ಮಾದರಿ ಚಿತ್ರ ಕಳಿಸಿ ಒಂದನ್ನು ಆರಿಸಿಕೊಳ್ಳಿ ಅಂದರು. ನಮ್ಮ ಆರ್ಕಿಟೆಕ್ಟ್ ಆದ ಈ ಯುವತಿ ಮಾತ್ರ ಚಿತ್ರ ಕೇಳಿದರೆ ಕೊಡಲಿಲ್ಲ, ಮೊದಲು ನೋಡುತ್ತೇನೆ ಅಂದರು.

ಪೋರ್ಟ್‌ಫೋಲಿಯೊ, ಅಂದರೆ ಆರ್ಕಿಟೆಕ್ಟ್ ತಮ್ಮ ಕೆಲಸಗಳನ್ನು ಒಟ್ಟಿಗೆ ಹಾಕಿ ತೋರಿಸುವ ಪುಸ್ತಕ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಹೊಸಬರ ವಿಷಯದಲ್ಲಿ ನಮ್ಮ ಕೈಗೆ ಸಿಗುವುದು ಅದೊಂದೇ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟದೇ ಇರುವ ಕೆಲಸಗಳೇ ಇರುತ್ತವೆ. ಕಾಲೇಜಿನ ಥೀಸಿಸ್, ಸ್ಪರ್ಧೆಗೆ ಕಳಿಸಿದ ವಿನ್ಯಾಸ, ಯಾವುದೋ ಬೀದಿಯ ಸರ್ವೆ. ಅದರಲ್ಲಿ ತಪ್ಪಿಲ್ಲ, ಇನ್ನೂ ಯಾರೂ ಕೆಲಸ ಕೊಡದವರು ಕಟ್ಟಿ ತೋರಿಸುವುದಾದರೂ ಏನನ್ನು? ಆದರೆ ಕಂಪ್ಯೂಟರಿನಲ್ಲಿ ಮಾಡಿದ ರೆಂಡರ್ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಅವುಗಳಲ್ಲಿ ಯಾವಾಗಲೂ ಸಂಜೆ ಬಿಸಿಲು, ಹುಲ್ಲು ಯಾವಾಗಲೂ ಹಸಿರು, ಕಸದ ಡಬ್ಬಿ ಒಂದೂ ಕಾಣದು, ಮೋಟಾರ್ ಪಂಪಿನ ಗೂಡು ಮಾಯ. ನೋಡಬೇಕಾದ್ದು ಸೆಕ್ಷನ್. ಜಾಗವನ್ನು ಸೀಳಿ ಪಕ್ಕದಿಂದ ನೋಡಿದ ಹಾಗೆ ಬರೆಯುವ ನಕ್ಷೆ ಅದು. ನೆಲದ ಕೆಳಗೆ ಏನಿದೆ, ಬೇರಿಗೆ ಎಷ್ಟು ಮಣ್ಣು ಸಿಗುತ್ತದೆ, ಪೈಪ್ ಎಲ್ಲಿ ಹೋಗುತ್ತದೆ, ನೀರು ಯಾವ ಕಡೆ ಇಳಿಯುತ್ತದೆ ಅಂತ ಅದರಲ್ಲಿ ತೋರಿಸಿದ್ದರೆ ಅವರು ನಿಜವಾಗಿ ಯೋಚನೆ ಮಾಡಿದ್ದಾರೆ ಅಂತ ಅರ್ಥ.

ಇವರ ಪೋರ್ಟ್‌ಫೋಲಿಯೊದಲ್ಲಿ ಕಟ್ಟಿದ ಕೆಲಸ ಅಂತ ಇದ್ದದ್ದು ಒಂದು ಶಾಲೆಯ ಅಂಗಳ. ಅದರ ಎರಡು ಫೋಟೊ ಅಕ್ಕಪಕ್ಕ ಹಾಕಿದ್ದರು. ಒಂದು ಕೆಲಸ ಮುಗಿದಾಗಿನದು, ಇನ್ನೊಂದು ವರ್ಷ ಕಳೆದ ಮೇಲಿನದು. ಎರಡನೆಯದರಲ್ಲಿ ಮಕ್ಕಳು ಗಿಡದ ಪಾತಿಯ ನಡುವೆಯೇ ಓಡಾಡಿ ಒಂದು ಕಾಲುದಾರಿ ಮಾಡಿಬಿಟ್ಟಿದ್ದರು. ಅದರ ಕೆಳಗೆ ಇವರು ಬರೆದದ್ದು ಇಷ್ಟೇ: ದಾರಿ ಇಲ್ಲಿಯೇ ಇರಬೇಕಿತ್ತು. ಆ ಒಂದು ಪುಟ ನೋಡಿ ನಾನು ಒಪ್ಪಿಕೊಂಡೆ. ಜನ ನಡೆದು ನಡೆದು ಮಾಡುವ ದಾರಿಯನ್ನು ತಪ್ಪು ಅನ್ನದೆ ಮಾಹಿತಿ ಅಂದುಕೊಳ್ಳುವವರು ಕಡಿಮೆ.

ಸಂಘದ ಮೀಟಿಂಗ್‌ನಲ್ಲಿ ಹಿರಿಯರೊಬ್ಬರು ನೇರವಾಗಿ ಕೇಳಿದರು, "ಏನಮ್ಮಾ, ಇಷ್ಟು ದೊಡ್ಡ ಕೆಲಸ ಮಾಡಿ ಗೊತ್ತಾ ನಿನಗೆ?" ನ್ಯಾಯವಾದ ಪ್ರಶ್ನೆಯೇ. ಇವರು ಇಲ್ಲ ಸಾರ್ ಅಂದು, ಆಮ್‌ಸ್ಟರ್‌ಡ್ಯಾಮ್‌ನ ಆಲ್ಡೊ ಫಾನ್ ಐಕ್ ವಿಷಯ ಹೇಳಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಮೂವತ್ತು ತುಂಬದ ಆ ಆರ್ಕಿಟೆಕ್ಟ್ ನಗರದ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಒಂದು ಚಿಕ್ಕ ಚೌಕದಲ್ಲಿ ಮಕ್ಕಳ ಆಟದ ಜಾಗ ಮಾಡಿದರು. ಮರಳಿನ ಗುಂಡಿ, ಕುಪ್ಪಳಿಸಲು ಕಲ್ಲುಗಳು, ತಲೆಕೆಳಗಾಗಿ ನೇತಾಡಲು ಕಬ್ಬಿಣದ ಕಂಬಿ, ಅಷ್ಟೇ. ಅದನ್ನು ನೋಡಿದ ಬೇರೆ ಬೀದಿಯವರು ನಮಗೂ ಬೇಕು ಅಂತ ಪತ್ರ ಬರೆಯತೊಡಗಿದರು. ಖಾಲಿ ಬಿದ್ದ ಸೈಟು, ಬೀದಿಯ ಮೂಲೆ, ಸಿಕ್ಕಲ್ಲೆಲ್ಲ ಮಾಡುತ್ತಾ 1978ರ ಹೊತ್ತಿಗೆ 700ಕ್ಕೂ ಹೆಚ್ಚು ಆದವು. ಹಿರಿಯರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. "ಅವರಿಗೆ ನಗರದ ಕಚೇರಿ ಬೆನ್ನಿಗಿತ್ತು, ನಿನಗೆ ಯಾರಿದ್ದಾರೆ?" ಅಂದರು. ನಿಜ ಹೇಳಬೇಕೆಂದರೆ ಈ ಇಡೀ ರಿವ್ಯೂನ ಸಾರ ಆ ಪ್ರಶ್ನೆಯಲ್ಲೇ ಇತ್ತು, ಆಗ ಯಾರೂ ಗಮನಿಸಲಿಲ್ಲ.

ವಯಸ್ಸು ಅಡ್ಡಿ ಅಲ್ಲ ಅನ್ನುವುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕದ ಸ್ಪರ್ಧೆಗೆ 1981ರಲ್ಲಿ ಬಂದ 1,421 ವಿನ್ಯಾಸಗಳಲ್ಲಿ ಆಯ್ಕೆಯಾದದ್ದು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರದ್ದು. ಆರ್ಕಿಟೆಕ್ಟ್ ಫ್ರಾನ್ಸಿಸ್ ಕೆರೆ ಬರ್ಲಿನ್‌ನಲ್ಲಿ ಇನ್ನೂ ಓದುತ್ತಿದ್ದಾಗಲೇ ಬುರ್ಕಿನಾ ಫಾಸೊದ ತಮ್ಮ ಊರು ಗಾಂಡೋದಲ್ಲಿ ಊರಿನವರನ್ನೇ ಜೊತೆ ಮಾಡಿಕೊಂಡು ಮಣ್ಣಿನ ಇಟ್ಟಿಗೆಯ ಶಾಲೆ ಕಟ್ಟಿದರು. ಅದು ಮುಗಿದದ್ದು 2001ರಲ್ಲಿ, 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಎನಿಸಿದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಕೆರೆ ಅವರ ಶಾಲೆಯಲ್ಲಿ ನನಗೆ ಇಷ್ಟವಾಗುವುದು ಪ್ರಶಸ್ತಿ ಅಲ್ಲ. ತಗಡಿನ ಮಾಡನ್ನು ಒಳಗಿನ ಚಾವಣಿಯಿಂದ ಮೇಲಕ್ಕೆ ಎತ್ತಿ, ನಡುವೆ ಗಾಳಿ ಹಾಯುವ ಹಾಗೆ ಮಾಡಿದ್ದಾರೆ, ಅದರಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಅಂದರೆ ಊರಿನವರ ಜೊತೆ ಮಾತೂ ಆಡಿದ್ದಾರೆ, ಕಟ್ಟುವ ವಿವರವೂ ಗೊತ್ತಿದೆ. ಎರಡೂ ಬೇಕು. ನಮ್ಮ ಆರ್ಕಿಟೆಕ್ಟ್ ಮೊದಲನೆಯದರಲ್ಲಿ ಅದ್ಭುತ, ಎರಡನೆಯದರಲ್ಲಿ ಇನ್ನೂ ಕಲಿಯುತ್ತಿದ್ದಾರೆ.

ಜನರನ್ನು ಕೇಳುವ ಕೆಲಸ ಹೇಗೆ ಮಾಡಿದರು ನೋಡಿ. ಮೀಟಿಂಗ್ ಕರೆದರೆ ಬರುವವರು ಯಾವಾಗಲೂ ಅದೇ ನಾಲ್ಕು ಜನ, ಮಾತಾಡುವವರು ಅದರಲ್ಲಿ ಇಬ್ಬರು. ಇವರು ಮೀಟಿಂಗ್ ನಂಬಿಕೊಂಡು ಕೂರಲಿಲ್ಲ. ಬೆಳಗ್ಗೆ, ಮಧ್ಯಾಹ್ನ, ಕತ್ತಲಾದ ಮೇಲೆ, ಬೇರೆ ಬೇರೆ ಹೊತ್ತಿನಲ್ಲಿ ಬಂದು ಯಾರು ಎಲ್ಲಿ ನಿಲ್ಲುತ್ತಾರೆ, ನೆರಳು ಎಲ್ಲಿ ಬೀಳುತ್ತದೆ ಅಂತ ಗುರುತು ಹಾಕಿಕೊಂಡರು. ಕಾವಲುಗಾರರನ್ನು, ಕಸ ಗುಡಿಸುವವರನ್ನು ಕೂರಿಸಿಕೊಂಡು ಮಾತಾಡಿದರು. ಇಷ್ಟು ವರ್ಷದಲ್ಲಿ ನಾವ್ಯಾರೂ ಅವರನ್ನು ಕೇಳಿರಲಿಲ್ಲ. ಅವರು ಕೇಳಿದ್ದು ಒಂದು ನಲ್ಲಿ, ಊಟ ಮಾಡಲು ನೆರಳಿನಲ್ಲಿ ಒಂದು ಜಾಗ. ಎರಡೂ ಆಗಿವೆ, ಈಗ ಅತಿ ಹೆಚ್ಚು ಬಳಕೆಯಾಗುವ ಮೂಲೆ ಅದೇ.

ಹುಡುಗಿಯರ ವಿಷಯವನ್ನೂ ಅವರೇ ಎತ್ತಿದರು. ಚೆಂಡಾಟಕ್ಕೆ ಒಂದು ದೊಡ್ಡ ಅಂಕಣ ಬೇಕು ಅಂತ ಎಲ್ಲರೂ ಕೇಳಿದ್ದೆವು. ಒಂದೇ ದೊಡ್ಡ ಅಂಕಣ ಮಾಡಿದರೆ ದೊಡ್ಡ ಹುಡುಗರು ಹಿಡಿದುಕೊಳ್ಳುತ್ತಾರೆ, ಉಳಿದವರು ಅಂಚಿನಲ್ಲಿ ನಿಂತು ನೋಡಿ ವಾಪಸ್ ಹೋಗುತ್ತಾರೆ ಅಂದರು. ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಇದನ್ನೇ ಗಮನಿಸಿದ್ದರು. ಹತ್ತರ ಹತ್ತಿರ ಬಂದ ಮೇಲೆ ಹುಡುಗಿಯರು ಪಾರ್ಕಿಗೆ ಬರುವುದು ಕಡಿಮೆಯಾಗುತ್ತಿತ್ತು. ಆಮೇಲೆ ಪಾರ್ಕುಗಳನ್ನು ಬದಲಿಸಿ, ಆಟದ ಜಾಗಗಳನ್ನು ಚಿಕ್ಕದಾಗಿ ಒಡೆದು, ಒಳಗೆ ಹೋಗಲು ಹೆಚ್ಚು ದಾರಿ ಬಿಟ್ಟರು. ನಮ್ಮಲ್ಲೂ ಒಂದರ ಬದಲು ಎರಡು ಚಿಕ್ಕ ಅಂಕಣ, ಯಾವುದಕ್ಕೂ ಗೇಟಿಲ್ಲ. ಹುಡುಗರು ಸ್ವಲ್ಪ ದಿನ ಮುನಿಸಿಕೊಂಡಿದ್ದರು.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ನಕ್ಷೆ ತಯಾರಾದ ಮೇಲೆ ಅದನ್ನು ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದು ಹಾಗೇ ಬಿಟ್ಟುಬಿಟ್ಟರು. ಕಾಗದದ ಮೇಲೆ ಹೂಂ ಅಂದಿದ್ದವರೆಲ್ಲ ನೆಲದ ಮೇಲೆ ನಡೆದು ನೋಡಿ ಜಗಳಕ್ಕೆ ಬಂದರು. ಇಲ್ಲಿ ಗಾಲಿಕುರ್ಚಿ ತಿರುಗುವುದಿಲ್ಲ, ಈ ಬೆಂಚು ನಮ್ಮ ಮಲಗುವ ಕೋಣೆಯ ಕಿಟಕಿಗೆ ಎದುರು ಬರುತ್ತದೆ, ಹೀಗೆ. ಅಳಿಸಿ ಮತ್ತೆ ಎಳೆದರು. ಕಾಂಕ್ರೀಟ್ ಹಾಕಿದ ಮೇಲೆ ಒಡೆಯುವುದಕ್ಕಿಂತ ಸುಣ್ಣ ಅಳಿಸುವುದು ಸುಲಭ ಅಲ್ವಾ?

ಬೆಂಚುಗಳ ಎತ್ತರ 45 ಸೆಂಟಿಮೀಟರ್ ಆಸುಪಾಸು, ಕೈ ಊರಿ ಏಳಲು ಹಿಡಿ ಇದೆ. ವಯಸ್ಸಾದವರು ಇದನ್ನೇ ಮೊದಲು ಹೊಗಳುವುದು. ರ‍್ಯಾಂಪಿನ ಇಳಿಜಾರು 12ಕ್ಕೆ 1, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರು, ಅದಕ್ಕಿಂತ ಕಡಿದಾಗಿ ಮಾಡಲು ಒಪ್ಪಲಿಲ್ಲ. ಜೊತೆಗೆ ಎತ್ತಿ ಸರಿಸಬಹುದಾದ ಒಂದಷ್ಟು ಹಗುರ ಕುರ್ಚಿ ಇಟ್ಟರು. ಕದ್ದುಕೊಂಡು ಹೋಗುತ್ತಾರೆ ಅಂತ ನಾವು ಬೊಬ್ಬೆ ಹೊಡೆದೆವು. ನ್ಯೂಯಾರ್ಕಿನ ಚೌಕಗಳಲ್ಲಿ ಜನ ಹೇಗೆ ಕೂರುತ್ತಾರೆ ಅಂತ ವರ್ಷಗಟ್ಟಲೆ ಗಮನಿಸಿದ ವಿಲಿಯಂ ವೈಟ್ ಅನ್ನುವವರು, ಕೂರುವ ಮೊದಲು ಜನ ಕುರ್ಚಿಯನ್ನು ಸುಮ್ನೆ ಒಂದಿಷ್ಟು ಸರಿಸುತ್ತಾರೆ, ಕಾರಣ ಇಲ್ಲದಿದ್ದರೂ ಸರಿಸುತ್ತಾರೆ ಅಂತ ಹೇಳಿದ್ದಾರೆ. ಇಲ್ಲೂ ಎಲ್ಲರೂ ಹಾಗೇ ಮಾಡುತ್ತಾರೆ, ನೀವು ಬಂದು ನೋಡಬೇಕು. ಕುರ್ಚಿ ಇನ್ನೂ ಯಾವುದೂ ಕಾಣೆಯಾಗಿಲ್ಲ.

ಮರಗಳ ವಿಷಯದಲ್ಲಿ ಹಠಮಾರಿ. ಬುಡದ ಸುತ್ತ ಗಾರೆ ಕಟ್ಟೆ ಕಟ್ಟಿ ಮಣ್ಣು ತುಂಬಿಸೋಣ ಅಂತ ಸಂಘದವರು ಅಂದರೆ ಖಡಾಖಂಡಿತ ಬೇಡ ಅಂದರು. ಬೇರಿನ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ, ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತದೆ. ಅದರ ಮೇಲೆ ಮಣ್ಣು ಹೇರಿದರೆ, ಲಾರಿ ನಿಲ್ಲಿಸಿ ಗಟ್ಟಿ ಮಾಡಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಮರ ಆಗಲೇ ಸಾಯುವುದಿಲ್ಲ, ಕೆಲವು ವರ್ಷ ಬಿಟ್ಟು ಒಣಗುತ್ತದೆ, ಆಗ ರೋಗ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಕಟ್ಟೆ ಬದಲು ಕಂಬಗಳ ಮೇಲೆ ನಿಂತ ಮರದ ಆಸನ ಮಾಡಿದ್ದಾರೆ, ಬುಡಕ್ಕೆ ತಾಗುವುದಿಲ್ಲ.

ಇನ್ನು ಆ ಒಂದು ಸ್ಟಾರ್. ಮಳೆನೀರು ಇಂಗಲು ತಗ್ಗಿನಲ್ಲಿ ಒಂದು ಗಿಡಗಳ ಪಾತಿ, ದಾರಿಗಳಿಗೆಲ್ಲ ನೂರಕ್ಕೆ ಎರಡರ ಇಳಿಜಾರು, ನಕ್ಷೆಯಲ್ಲಿ ಎಲ್ಲ ಸರಿ ಇತ್ತು. ನಿಂತ ನೀರು ಒಂದೆರಡು ದಿನದಲ್ಲಿ ಇಂಗಿಬಿಟ್ಟರೆ ಸೊಳ್ಳೆ ಮೊಟ್ಟೆ ಇಟ್ಟರೂ ಮರಿ ಬೆಳೆಯಲು ಸಮಯ ಸಿಗುವುದಿಲ್ಲ, ಆ ಲೆಕ್ಕವೂ ಸರಿ. ಆದರೆ ಕಾಂಟ್ರಾಕ್ಟರ್ ಕಡೆಯ ಮೇಸ್ತ್ರಿ ಕಲ್ಲು ಹಾಸುವಾಗ ಲೆವೆಲ್ ತಪ್ಪಿಸಿದ. ಇಳಿಜಾರು ಉಲ್ಟಾ ಆಯಿತು. ಮೊದಲ ಜೋರು ಮಳೆಗೆ ನೀರು ಪಾತಿಯ ಕಡೆ ಹೋಗದೆ ಒಂದು ಬ್ಲಾಕಿನ ಮೆಟ್ಟಿಲ ಬುಡಕ್ಕೆ ಬಂದು ನಿಂತಿತು. ಅಡಿಪಾಯದ ಜಲ್ಲಿ ಹಾಕಿದ ದಿನವೇ ಯಾರಾದರೂ ಲೆವೆಲ್ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. ಆರ್ಕಿಟೆಕ್ಟ್ ಅವತ್ತು ಸೈಟಿನಲ್ಲಿ ಇರಲಿಲ್ಲ. ಒಬ್ಬರೇ ಎಲ್ಲವನ್ನೂ ನೋಡಬೇಕು, ಸಹಾಯಕ್ಕೆ ಜನ ಇಲ್ಲ, ಮೇಸ್ತ್ರಿಯ ಎದುರು ನಿಂತು ಕಿತ್ತು ಹಾಕು ಅನ್ನುವ ಗಟ್ಟಿತನವೂ ಆಗ ಇರಲಿಲ್ಲ. ಹಿರಿಯರು ಕೇಳಿದ್ದು ಇದನ್ನೇ.

ಕರೆದ ತಕ್ಷಣ ಬಂದರು, ನೆಪ ಹೇಳಲಿಲ್ಲ, ಕಲ್ಲು ಎತ್ತಿಸಿ ಮತ್ತೆ ಹಾಸಿಸಿದರು. ಅದಕ್ಕೆ ಪೂರ್ತಿ ಅಂಕ. ಆದರೆ ನೀರು ಹೀರುವ ಕಲ್ಲುಹಾಸು ಹಾಕಿಸಿ ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ನಾವು ಕೇಳುವವರೆಗೂ ಹೇಳಿರಲಿಲ್ಲ. ಸಂದಿಗಳಲ್ಲಿ ಸಣ್ಣ ಮಣ್ಣು ಕೂತರೆ ಅದು ಮಾಮೂಲಿ ಕಲ್ಲೇ ಆಗಿಬಿಡುತ್ತದೆ, ಆಗಾಗ ಗುಡಿಸಿ ಸ್ವಚ್ಛ ಮಾಡಬೇಕು. ಕೇಳಿದ ಮೇಲೆ ಚೆಂದವಾಗಿ ಬರೆದುಕೊಟ್ಟರು, ಅದನ್ನು ಕೆಲಸ ಮುಗಿದ ದಿನವೇ ಕೊಡಬೇಕಿತ್ತು.

ಹಾಗಾಗಿ ನೀವು ಹೊಸಬರನ್ನು ಹಿಡಿಯುವುದಾದರೆ ಹಿಡಿಯಿರಿ, ಆದರೆ ಡ್ರಾಯಿಂಗ್‌ಗೆ ಮಾತ್ರ ಹಣ ಕೊಟ್ಟು ಸೈಟ್ ನೋಡಿಕೊಳ್ಳುವುದನ್ನು ಒಳ್ಳೆಯ ಮನಸ್ಸಿಗೆ ಬಿಡಬೇಡಿ. ಅದಕ್ಕೆ ಬೇರೆ ಹಣ ಎತ್ತಿಡಿ. ಕಾಂಟ್ರಾಕ್ಟರ್‌ನ ಬಿಲ್ ಇವರ ಸಹಿ ಇಲ್ಲದೆ ಪಾಸ್ ಮಾಡಬೇಡಿ, ಆಗ ಮೇಸ್ತ್ರಿ ತಾನಾಗಿಯೇ ಮೇಡಂ ಅನ್ನುತ್ತಾನೆ.

ಗಾಡಿ ನಿಲ್ಲಿಸುವ ಕಡೆಯ ಎರಡನೇ ಹಂತವನ್ನೂ ಇವರಿಗೇ ಕೊಟ್ಟಿದ್ದೇವೆ. ಈ ಸಲ ಒಪ್ಪಂದದಲ್ಲಿ ಲೆವೆಲ್ ಪರೀಕ್ಷೆ, ಮೊದಲ ವರ್ಷ ಒಣಗಿದ ಗಿಡಕ್ಕೆ ಬದಲಿ ಗಿಡ, ನಿರ್ವಹಣೆಯ ಟಿಪ್ಪಣಿ ಎಲ್ಲ ಬರೆಸಿದ್ದೇವೆ. ಆ ಪಟ್ಟಿಯನ್ನು ಮೊದಲು ಕಳಿಸಿದ್ದು ಅವರೇ.