ಪಿ-8ಐ ರಿವ್ಯೂ: ವಿಮಾನ ಚೆನ್ನಾಗಿದೆ, ಚಿಲ್ಲರೆ ಲೆಕ್ಕದಲ್ಲಿ ಕೊಂಡಿದ್ದು ಸರಿಯಾಗ್ಲಿಲ್ಲ

ವಿಶಾಖಪಟ್ಟಣದ ಬೀಚ್ ರೋಡಲ್ಲಿ ಒಂದು ಕಡೆ ಕುರ್ಸುರಾ ಸಬ್‌ಮರೀನ್ ಇಟ್ಟಿದಾರೆ, ರಸ್ತೆ ದಾಟಿದ್ರೆ ಸಬ್‌ಮರೀನ್ ಹುಡುಕೋ ನೌಕಾಪಡೆಯ ಟಿಯು-142 ವಿಮಾನ ನಿಲ್ಸಿದಾರೆ. ಬೇಟೆ ಆ ಕಡೆ, ಬೇಟೆಗಾರ ಈ ಕಡೆ. ನಾನು ಅಲ್ಲಿ ಹೋದಾಗ ತುಂಬಾ ಹೊತ್ತು ನಿಂತಿದ್ದು ಆ ವಿಮಾನದ ಇಂಜಿನ್ ಕೆಳಗೆ, ನಾಲ್ಕು ಇಂಜಿನ್, ಒಂದೊಂದಕ್ಕೂ ಎರಡೆರಡು ಸಾಲು ರೆಕ್ಕೆ, ಒಂದು ಸಾಲು ಬಲಕ್ಕೆ ತಿರುಗಿದ್ರೆ ಇನ್ನೊಂದು ಎಡಕ್ಕೆ. 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಇಂಥವು 8 ಬಂದ್ವು, ಮೊದಲು ಗೋವಾದಲ್ಲಿದ್ವು ಆಮೇಲೆ ತಮಿಳುನಾಡಿನ ಅರಕ್ಕೋಣಂಗೆ ಹೋದ್ವು, 29 ವರ್ಷ ಒಂದೂ ಅಪಘಾತ ಇಲ್ದೆ ಹಾರಿ 2017ರ ಮಾರ್ಚಲ್ಲಿ ರಿಟೈರ್ ಆದ್ವು. ಇದೇ ಕೆಲಸ ಮಾಡ್ತಿದ್ದ ಗೋವಾದ ಐಎಲ್-38 ವಿಮಾನಗಳದು ಇನ್ನೂ ಹಳೇ ಕಥೆ, 1977ರಲ್ಲಿ ಬಂದಿದ್ದು. 2002ರ ಅಕ್ಟೋಬರ್ 1ಕ್ಕೆ ಸ್ಕ್ವಾಡ್ರನ್ನಿನ 25ನೇ ವರ್ಷದ ಸಮಾರಂಭದಲ್ಲೇ ಎರಡು ವಿಮಾನ ಆಕಾಶದಲ್ಲಿ ಡಿಕ್ಕಿ ಆಗಿ ಒಳಗಿದ್ದ 12 ಜನಾನೂ ಹೋದ್ರು. ಉಳಿದಿದ್ದನ್ನ ಅಪ್‌ಗ್ರೇಡ್ ಮಾಡಿ ಮಾಡಿ 2023ರ ಅಕ್ಟೋಬರ್ ತನಕ ಓಡಿಸಿದ್ರು. 46 ವರ್ಷ! ಇವುಗಳ ಜಾಗಕ್ಕೆ ನಾವೆಲ್ಲ ತೆರಿಗೆ ಕಟ್ಟಿ ತಂದಿರೋದು ಬೋಯಿಂಗ್ ಪಿ-8ಐ. ಅದು ಹೇಗಿದೆ, ಕೊಟ್ಟ ದುಡ್ಡಿಗೆ ತಕ್ಕ ಹಾಗಿದೆಯಾ ಅನ್ನೋದೇ ಈ ರಿವ್ಯೂ.

ಮೊದಲು ಬೇಸಿಕ್ ವಿಷಯ. ಹೊರಗಿಂದ ನೋಡಿದ್ರೆ ನಾವು ನೀವು ಊರಿಗೆ ಹೋಗೋ 737 ವಿಮಾನನೇ, 737-800ರ ಬಾಡಿ. ಇದು ಕೊರತೆ ಅಲ್ಲ, ನನ್ನ ಪ್ರಕಾರ ಇದೇ ದೊಡ್ಡ ಪ್ಲಸ್ ಪಾಯಿಂಟ್, ಯಾಕಂದ್ರೆ ಪ್ರಪಂಚದ ತುಂಬಾ ಹಾರೋ ವಿಮಾನದ ಬಿಡಿಭಾಗ ಸಿಗೋದು ಸುಲಭ, ರಿಪೇರಿ ಗೊತ್ತಿರೋರು ಸಿಗೋದೂ ಸುಲಭ. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯನ್ ವಿಮಾನಗಳ ಬಿಡಿಭಾಗಕ್ಕೆ ಎಷ್ಟು ಒದ್ದಾಡಿದ್ದೀವಿ ಅಂತ ನೆನಪಿರೋರಿಗೆ ಇದರ ಬೆಲೆ ಗೊತ್ತಾಗುತ್ತೆ. ಅರಕ್ಕೋಣಂನಿಂದ ಹೊರಟು ಸುಮಾರು 2,200 ಕಿಲೋಮೀಟರ್ ದೂರ ಹೋಗಿ, ಅಲ್ಲೇ ನಾಲ್ಕು ಗಂಟೆ ಸುತ್ತು ಹೊಡೆದು ವಾಪಸ್ ಬರುತ್ತೆ. ಬರೀ ದೂರದ ಲೆಕ್ಕ ತಗೊಂಡ್ರೆ ಹಳೇ ಟಿಯು-142ನೇ ಗೆಲ್ಲುತ್ತೆ, ಅದನ್ನ ಮುಚ್ಚಿಡಬಾರದು. ಆದ್ರೆ ಹೋಗಿ ಏನು ನೋಡುತ್ತೆ ಅನ್ನೋದ್ರಲ್ಲಿ ಹಳೇದಕ್ಕೂ ಇದಕ್ಕೂ ಹೋಲಿಕೆನೇ ಇಲ್ಲ.

ಸಬ್‌ಮರೀನ್ ಹುಡುಕೋದು ಅಂದ್ರೆ ಮುಖ್ಯವಾಗಿ ಕಿವಿ ಕೆಲಸ. ಸೋನೋಬಾಯ್ ಅಂತ ಕೊಳವೆ ತರದ ಸಾಧನಗಳನ್ನ ಸಮುದ್ರಕ್ಕೆ ಉದುರಿಸ್ತಾರೆ, ಅವು ನೀರೊಳಗಿನ ಸದ್ದು ಹಿಡಿದು ರೇಡಿಯೋದಲ್ಲಿ ವಿಮಾನಕ್ಕೆ ಕಳಿಸ್ತವೆ. ಒಂದು ಪಿ-8ಐ ಇಂಥವು ನೂರಕ್ಕೂ ಹೆಚ್ಚು ಹೊತ್ಕೊಂಡು ಹೋಗುತ್ತೆ. ಜೊತೆಗೆ ನಮ್ಮ ನೌಕಾಪಡೆ ಹಠ ಹಿಡಿದು ಎರಡು ಎಕ್ಸ್‌ಟ್ರಾ ಹಾಕಿಸ್ಕೊಂಡಿದೆ. ಒಂದು ಹಿಂದಕ್ಕೆ ನೋಡೋ ರೇಡಾರ್. ಇನ್ನೊಂದು ಬಾಲದಲ್ಲಿರೋ ಮ್ಯಾಡ್, ಅಂದ್ರೆ ಕಬ್ಬಿಣದ ಸಬ್‌ಮರೀನ್ ಕೆಳಗಿದ್ರೆ ಭೂಮಿಯ ಕಾಂತಕ್ಷೇತ್ರದಲ್ಲಿ ಆಗೋ ಸಣ್ಣ ವ್ಯತ್ಯಾಸ ಕಂಡುಹಿಡಿಯೋ ಸಾಧನ. ಅಮೆರಿಕ ತನ್ನ ಸ್ವಂತ ಪಿ-8ಎಗೆ ಇದನ್ನ ಹಾಕ್ಕೊಳ್ಳಲಿಲ್ಲ, ನಾವು ಬೇಕೇ ಬೇಕು ಅಂದ್ವಿ. ಕೊಟ್ಟಿದ್ದನ್ನ ತಗೊಳ್ಳೋ ಬದಲು ನಮ್ಮ ಸಮುದ್ರಕ್ಕೆ ಏನು ಬೇಕು ಅಂತ ಕೂತು ಯೋಚನೆ ಮಾಡಿದಾರಲ್ಲ, ಅದು ನನಗೆ ನಿಜವಾಗ್ಲೂ ಖುಷಿ ಕೊಟ್ಟ ವಿಷಯ. ಬೇರೆ ಹಡಗು ವಿಮಾನಗಳ ಜೊತೆ ಮಾಹಿತಿ ಹಂಚ್ಕೊಳ್ಳೋ ಡೇಟಾ ಲಿಂಕ್ ನಮ್ಮ ಬಿಇಎಲ್ ಮಾಡಿದ್ದು.

ಇನ್ನು ಕೆಲಸದಲ್ಲಿ ಹೇಗೆ? 2018ರ ಸೆಪ್ಟೆಂಬರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತೋಕೆ ಹೊರಟಿದ್ದ ನೌಕಾಪಡೆಯ ಅಭಿಲಾಷ್ ಟಾಮಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಪಟಸ್ತಂಭ ಮುರಿದು, ಬೆನ್ನಿಗೆ ಏಟು ಬಿದ್ದು ಏಳೋಕಾಗದೆ ಮಲಗಿದ್ರು. ಆಗ ಮಾರಿಷಸ್‌ನಿಂದ ಹಾರಿದ ಪಿ-8ಐ ಆ ಪುಟ್ಟ ದೋಣಿ ಪತ್ತೆ ಮಾಡ್ತು, ಮಾರನೇ ದಿನ ಫ್ರೆಂಚ್ ಹಡಗು ಹೋಗಿ ಅವರನ್ನ ಎತ್ಕೊಂಡು ಬಂತು. ಆ ಅಲೆಗಳ ಮಧ್ಯೆ ಅಷ್ಟು ಸಣ್ಣ ದೋಣಿ ಹುಡುಕೋದು ಹೇಗಿರುತ್ತೆ ಯೋಚಿಸಿ. 2024ರ ಮಾರ್ಚಲ್ಲಿ ಕಡಲ್ಗಳ್ಳರ ಕೈಲಿದ್ದ ರುಯೆನ್ ಹಡಗಿನ ಕಾರ್ಯಾಚರಣೆಯಲ್ಲೂ ನಮ್ಮ ಯುದ್ಧನೌಕೆ ಐಎನ್ಎಸ್ ಕೋಲ್ಕತ್ತಾ ಜೊತೆಗೆ ಪಿ-8ಐ ಇತ್ತು, 35 ಜನ ಕಡಲ್ಗಳ್ಳರು ಶರಣಾದ್ರು, 17 ಸಿಬ್ಬಂದಿ ಬದುಕಿ ಬಂದ್ರು. ಡೋಕ್ಲಾಂ, ಲಡಾಖಲ್ಲಿ ಚೀನಾ ಜೊತೆ ಗಲಾಟೆ ಆದಾಗ ಗಡಿ ಮೇಲೆ ಕಣ್ಣಿಡೋಕೂ ಇದನ್ನೇ ಕಳಿಸಿದ್ರು.

ಕೊರತೆ ಇಲ್ವಾ ಅಂದ್ರೆ ಇದೆ. ಗಾಳಿಯಲ್ಲೇ ಇಂಧನ ತುಂಬಿಸ್ಕೊಳ್ಳೋ ವ್ಯವಸ್ಥೆ ಇದೆ ಆದ್ರೆ ಅದು ಅಮೆರಿಕನ್ ಪದ್ಧತಿ, ಟ್ಯಾಂಕರಿನ ಗಟ್ಟಿ ಕೊಳವೆ ಬಂದು ವಿಮಾನದ ನೆತ್ತಿ ಮೇಲೆ ಕೂರಬೇಕು. ನಮ್ಮ ವಾಯುಪಡೆಯ ಐಎಲ್-78 ಟ್ಯಾಂಕರುಗಳದು ಉದ್ದ ಪೈಪ್ ಬಿಡೋ ಪದ್ಧತಿ, ಎರಡೂ ಹೊಂದಲ್ಲ. ಸೋನೋಬಾಯ್ ಒಮ್ಮೆ ಹಾಕಿದ್ರೆ ಮುಗೀತು, ಮತ್ತೆ ಕೊಳ್ಳಬೇಕು. 2024ರ ಆಗಸ್ಟಲ್ಲಿ ಬರೀ ಇದಕ್ಕೇ ಅಮೆರಿಕ ಒಪ್ಪಿಗೆ ಕೊಟ್ಟ ಮೊತ್ತ ಸುಮಾರು 5.28 ಕೋಟಿ ಡಾಲರ್. ಇದನ್ನ ನಮ್ಮಲ್ಲೇ ಬೇಕಾದಷ್ಟು ಮಾಡ್ಕೊಳ್ಳೋ ತನಕ ವಿಮಾನ ನಮ್ಮದು ಅಂತ ಪೂರ್ತಿ ಹೇಳೋಕೆ ನನಗೆ ಮನಸು ಬರಲ್ಲ.

ನನ್ನ ನಿಜವಾದ ತಕರಾರು ಖರೀದಿ ರೀತಿ ಮೇಲೆ. 2009ರಲ್ಲಿ 8 ವಿಮಾನ, ಸುಮಾರು 210 ಕೋಟಿ ಡಾಲರ್. ಈ ಟೆಂಡರಲ್ಲಿ 20 ವರ್ಷದ ಸಪೋರ್ಟ್ ಖರ್ಚನ್ನ ಹೋಲಿಸಿದ ರೀತಿ ಬಗ್ಗೆ ಸಿಎಜಿ 2018ರಲ್ಲಿ ಆಕ್ಷೇಪ ಎತ್ತಿತು, ಅದು ಸಣ್ಣ ಮಾತಲ್ಲ. 2016ರಲ್ಲಿ ಇನ್ನೂ 4, ಸುಮಾರು 110 ಕೋಟಿ ಡಾಲರ್. 2019ರಲ್ಲಿ ರಕ್ಷಣಾ ಸ್ವಾಧೀನ ಮಂಡಳಿ ಮತ್ತೆ 6ಕ್ಕೆ ತಲೆ ಆಡಿಸ್ತು, 2021ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಾಗ ಅಂದಾಜು 242 ಕೋಟಿ ಡಾಲರ್! ಅದ್ರಲ್ಲಿ ಬಿಡಿಭಾಗ, ಸಲಕರಣೆ ಎಲ್ಲ ಸೇರಿರೋದ್ರಿಂದ ಹೋಲಿಕೆ ನೇರವಾಗಿಲ್ಲ ನಿಜ, ಆದ್ರೂ 8ಕ್ಕೆ ಕೊಟ್ಟಿದ್ದಕ್ಕಿಂತ 6ಕ್ಕೆ ಜಾಸ್ತಿ ಕೇಳೋ ಪರಿಸ್ಥಿತಿಗೆ ನಾವೇ ತಂದ್ಕೊಂಡ್ವಲ್ಲ ಅಂತ ಬೇಜಾರಾಗುತ್ತೆ. ಹಳೇವು ಯಾವಾಗ ರಿಟೈರ್ ಆಗ್ತವೆ ಅನ್ನೋದು ಹಠಾತ್ತಾಗಿ ಗೊತ್ತಾಗೋ ವಿಷಯ ಅಲ್ಲ, ವಿಮಾನದ ಆಯಸ್ಸು ಹತ್ತು ವರ್ಷ ಮುಂಚೆನೇ ಲೆಕ್ಕಕ್ಕೆ ಸಿಗುತ್ತೆ, ಹಾಗಿದ್ಮೇಲೆ ಒಂದೇ ಸಲ ಒಟ್ಟು ಆರ್ಡರ್ ಕೊಟ್ಟು ವರ್ಷಕ್ಕಿಷ್ಟು ಅಂತ ತಗೊಳ್ಳಬಹುದಿತ್ತು.

ಹತ್ತಿರದ ಸಮುದ್ರ ನೋಡ್ಕೊಳ್ಳೋಕೆ ನೌಕಾಪಡೆಗೆ 9 ಸಿ-295 ವಿಮಾನ ತಗೊಳ್ಳೋಕೆ 2024ರ ಫೆಬ್ರವರಿಯಲ್ಲಿ ಮಂಡಳಿ ಒಪ್ಪಿದೆ, ಅದೇ ವರ್ಷ ಅಕ್ಟೋಬರಲ್ಲಿ ಎಂಕ್ಯೂ-9ಬಿ ಡ್ರೋನುಗಳಿಗೂ ಸಹಿ ಆಯ್ತು, ಮೂರೂ ಪಡೆಗೆ ಸೇರಿ 31, ಅದರಲ್ಲಿ ನೌಕಾಪಡೆಗೆ 15. ಒಳ್ಳೇದೇ, ಗಂಟೆಗಟ್ಟಲೆ ಸುಮ್ನೆ ಕಾವಲು ಕಾಯೋ ಕೆಲಸ ಅವು ಮಾಡಿದ್ರೆ ಪಿ-8ಐಗಳು ಸಬ್‌ಮರೀನ್ ಹಿಂದೆ ಹೋಗಬಹುದು. ಆದ್ರೆ ಟಾರ್ಪಿಡೋ ಹೊತ್ತು, ಅಷ್ಟು ದೂರ ಹಾರಿ, ಅಷ್ಟು ಸೋನೋಬಾಯ್ ಉದುರಿಸಿ, ಸದ್ದು ಕೇಳಿ ಅಲ್ಲೇ ತೀರ್ಮಾನ ತಗೊಳ್ಳೋಕೆ ಒಳಗೆ ಮನುಷ್ಯರಿರೋ ಈ ದೊಡ್ಡ ವಿಮಾನನೇ ಬೇಕು. ನಾವು ಎರಡು ಆರ್ಡರಲ್ಲಿ ತಂದಿದ್ದು 12, ಅರಕ್ಕೋಣಂಗೆ 8 ಗೋವಾಗೆ 4, ನೋಡ್ಕೋಬೇಕಾಗಿರೋದು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ, ಮಲಾಕ್ಕಾ ಜಲಸಂಧಿಯ ಬಾಯಿ. 12ರಲ್ಲಿ ಕೆಲವು ಯಾವಾಗ್ಲೂ ಸರ್ವೀಸಿಗೆ ನಿಂತಿರ್ತವೆ ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ.